ತಾರಸಿಯ ಸೊಪ್ಪಿಗೆ ಕೆ.ಜಿ.ಗೆ 63 ರೂಪಾಯಿ

ದೇಶದ ನಗರವಾಸಿಯೊಬ್ಬರು 2022–23ರಲ್ಲಿ ತರಕಾರಿಗೆಂದು ತಿಂಗಳಿಗೆ ಸರಾಸರಿ 245 ರೂ. ಖರ್ಚು ಮಾಡಿದ್ದರು ಎನ್ನುತ್ತದೆ ಕೇಂದ್ರ ಸರ್ಕಾರದ ಕುಟುಂಬ ಬಳಕೆ ವೆಚ್ಚ ಸಮೀಕ್ಷೆ. ಮರುವರ್ಷ ಅದು ಸುಮಾರು 288 ರೂ. ಆಯಿತು. ಒಂದೇ ವರ್ಷದಲ್ಲಿ ಶೇ 17.6ರಷ್ಟು ಏರಿಕೆ. ಅದೇ ಅವಧಿಯಲ್ಲಿ ನಗರದ ತಲಾ ಮಾಸಿಕ ವೆಚ್ಚ 6,459 ರೂ.ನಿಂದ 6,996 ರೂ.ಗೆ, ಅಂದರೆ ಶೇ 8.3ರಷ್ಟು ಹೆಚ್ಚಿತ್ತು. ತರಕಾರಿಯ ಖರ್ಚು ಒಟ್ಟು ಖರ್ಚಿಗಿಂತ ಎರಡು ಪಟ್ಟು ವೇಗದಲ್ಲಿ ಏರಿದೆ. ತಿಂಗಳಿಗೆ 288 ರೂ.ನಂತೆ ನಾಲ್ವರ ಕುಟುಂಬಕ್ಕೆ ಇದು ವರ್ಷಕ್ಕೆ 13,824 ರೂ.

ಈ ಹಣಕ್ಕೆ ಎಷ್ಟು ತರಕಾರಿ ಬರಬೇಕು ಎಂಬುದಕ್ಕೂ ಒಂದು ಅಳತೆ ಇದೆ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಆಹಾರ ಮಾರ್ಗಸೂಚಿ, ಒಬ್ಬರಿಗೆ ದಿನಕ್ಕೆ ಸೊಪ್ಪು ಸೇರಿ 400 ಗ್ರಾಂ ತರಕಾರಿ ಬೇಕು ಎನ್ನುತ್ತದೆ. ನಾಲ್ವರಿಗೆ ವರ್ಷಕ್ಕೆ 584 ಕೆ.ಜಿ. ಮೇಲಿನ 13,824 ರೂ.ಗಳನ್ನು ಇದರಿಂದ ಭಾಗಿಸಿದರೆ ಕೆ.ಜಿ.ಗೆ 23.67 ರೂ. ಬರುತ್ತದೆ. ಆ ದರಕ್ಕೆ ಬೆಂಗಳೂರಿನ ಯಾವ ಸಂತೆಯಲ್ಲೂ ವರ್ಷವಿಡೀ ತರಕಾರಿ ಸಿಗುವುದಿಲ್ಲ. ಸಮೀಕ್ಷೆಯ 288 ರೂ.ನಲ್ಲಿ ಆಲೂಗಡ್ಡೆ, ಈರುಳ್ಳಿಯೂ ಸೇರಿವೆ. ಸರಾಸರಿ ನಗರ ಕುಟುಂಬ ಬೇಕಾದುದಕ್ಕಿಂತ ಕಡಿಮೆ ತರಕಾರಿ ತಿನ್ನುತ್ತಿದೆ ಎಂದೇ ಇದರರ್ಥ.

ತಾರಸಿ ತೋಟದ ಪರವಾಗಿ ಎರಡು ವಾದಗಳಿವೆ: ಹಣ ಉಳಿಯುತ್ತದೆ, ವಿಷವಿಲ್ಲದ ಆಹಾರ ಸಿಗುತ್ತದೆ. ಡಾ. ಬಿ.ಎನ್. ವಿಶ್ವನಾಥ್ ಅವರಂಥವರ ತರಬೇತಿಯಿಂದ ಬೆಂಗಳೂರಿನಲ್ಲಿ ಈ ಹವ್ಯಾಸ ಬೇರೂರಿತು. ‘ಊಟ ಫ್ರಂ ಯುವರ್ ತೋಟ’ ಮೇಳಗಳು ಅದನ್ನು ಬಡಾವಣೆಗಳಿಗೆ ಮುಟ್ಟಿಸಿದವು. ಎರಡೂ ವಾದಗಳನ್ನು ಕೆ.ಜಿ., ಲೀಟರ್, ರೂಪಾಯಿಗಳಲ್ಲಿ ಅಳೆದು ನೋಡಬಹುದು.

ಮೊದಲು ವಿಷದ ಮಾತು. ಕೇಂದ್ರ ಕೃಷಿ ಸಚಿವಾಲಯ 2005ರಿಂದ ಕೀಟನಾಶಕ ಶೇಷದ ರಾಷ್ಟ್ರೀಯ ತಪಾಸಣೆ ನಡೆಸುತ್ತಿದೆ. 2014–15ರಲ್ಲಿ ತರಕಾರಿ, ಹಣ್ಣು, ಧಾನ್ಯ, ಹಾಲು ಮುಂತಾದವುಗಳ 20,618 ಮಾದರಿ ಪರೀಕ್ಷಿಸಲಾಯಿತು. ಶೇ 18.7ರಲ್ಲಿ ಶೇಷ ಕಂಡಿತು; 543 ಮಾದರಿಗಳಲ್ಲಿ, ಅಂದರೆ ಶೇ 2.6ರಲ್ಲಿ, ಅದು ಗರಿಷ್ಠ ಶೇಷ ಮಿತಿಯನ್ನು ದಾಟಿತ್ತು. ಗರಿಷ್ಠ ಶೇಷ ಮಿತಿ ಎಂದರೆ ಒಂದು ಕೆ.ಜಿ. ಆಹಾರದಲ್ಲಿ ಕಾನೂನು ಒಪ್ಪುವ ಕೀಟನಾಶಕದ ಮಿಲಿಗ್ರಾಂ ಲೆಕ್ಕ. 2017–18ರಲ್ಲಿ 23,660 ಮಾದರಿಗಳ ಪೈಕಿ 4,510ರಲ್ಲಿ (ಶೇ 19.1) ಶೇಷವಿತ್ತು, 523 (ಶೇ 2.2) ಮಿತಿ ಮೀರಿದ್ದವು. ಮೂರು ವರ್ಷದ ಅಂತರದಲ್ಲಿ ಶೇಷವಿದ್ದ ಮಾದರಿಗಳ ಪ್ರಮಾಣ ತುಸು ಏರಿದೆ, ಮಿತಿ ಮೀರಿದ್ದು ತುಸು ಇಳಿದಿದೆ. ‘ಮಾರುಕಟ್ಟೆಯ ತರಕಾರಿಯೆಲ್ಲ ವಿಷ’ ಎಂಬ ಮಾತಿಗೆ ಈ ಅಂಕಿಗಳಲ್ಲಿ ಆಧಾರವಿಲ್ಲ. ನೂರರಲ್ಲಿ ಎರಡಕ್ಕಿಂತ ಹೆಚ್ಚು ಮಾದರಿ ಕಾನೂನು ಮೀರಿರುವುದೂ ಅಷ್ಟೇ ಸತ್ಯ.

ಇದಕ್ಕಿಂತ ಗಮನಿಸಬೇಕಾದದ್ದು ಇನ್ನೊಂದು ಸಂಖ್ಯೆ. 2014–15ರ ಅದೇ ತಪಾಸಣೆಯಲ್ಲಿ ಶೇ 12.5ರಷ್ಟು ಮಾದರಿಗಳಲ್ಲಿ ಅನುಮೋದನೆಯೇ ಇಲ್ಲದ ಕೀಟನಾಶಕಗಳ ಅಂಶ ಸಿಕ್ಕಿತ್ತು. ಯಾವ ಬೆಳೆಗೆ ಯಾವ ಔಷಧ ಎಂಬುದನ್ನು ಕೇಂದ್ರೀಯ ಕೀಟನಾಶಕ ಮಂಡಳಿ ನಿಗದಿ ಮಾಡುತ್ತದೆ. ಮಿತಿ ಗೊತ್ತುಪಡಿಸದ ಕೀಟನಾಶಕಕ್ಕೆ ಸಾಮಾನ್ಯವಾಗಿ ಅನ್ವಯಿಸುವ ಅಂಕಿ ಕೆ.ಜಿ.ಗೆ 0.01 ಮಿಲಿಗ್ರಾಂ.

ಕೀಟನಾಶಕದ ತಪಾಸಣೆಯಲ್ಲಿ ಭಾರಲೋಹಗಳು ಕಾಣುವುದಿಲ್ಲ. ಬೆಂಗಳೂರಿನ ಪರಿಸರ ನಿರ್ವಹಣೆ ಮತ್ತು ನೀತಿ ಸಂಶೋಧನಾ ಸಂಸ್ಥೆ ನಗರದ 20 ಮಳಿಗೆಗಳಿಂದ 10 ಬಗೆಯ ತರಕಾರಿಗಳ 400 ಮಾದರಿ ತಂದು ಪರೀಕ್ಷಿಸಿದ ಸಂಗತಿ 2023ರಲ್ಲಿ ಸುದ್ದಿಯಾಯಿತು. ಕಬ್ಬಿಣ, ಸೀಸ, ಕ್ಯಾಡ್ಮಿಯಂ, ನಿಕಲ್ ಮಿತಿ ಮೀರಿದ ಮಾದರಿಗಳು ಅದರಲ್ಲಿದ್ದವು. ಪಟ್ಟಿಯಲ್ಲಿ ಸೂಪರ್‌ಮಾರ್ಕೆಟ್‌ಗಳೂ ಸಾವಯವ ಮಳಿಗೆಗಳೂ ಇದ್ದವು. ಲೋಹ ಬರುವುದು ಹೆಚ್ಚಾಗಿ ಕೊಳಚೆ ನೀರಿನ ಕೃಷಿಯಿಂದ. ಸಿಂಪಡಣೆ ಬಿಟ್ಟ ಮಾತ್ರಕ್ಕೆ ಅದು ಹೋಗುವುದಿಲ್ಲ.

ಇನ್ನು ಇಳುವರಿ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ದಂಟಿನ ಸೊಪ್ಪಿನ ತಳಿ ‘ಅರ್ಕಾ ಸುಗುಣ’ 90 ದಿನದಲ್ಲಿ ಹೆಕ್ಟೇರಿಗೆ 25ರಿಂದ 30 ಟನ್ ಕೊಡುತ್ತದೆ. ಬೆಂಡೆಯ ‘ಅರ್ಕಾ ಅನಾಮಿಕಾ’ ಸುಮಾರು 130 ದಿನದಲ್ಲಿ 20 ಟನ್. ಹೆಕ್ಟೇರಿನ ಟನ್ನನ್ನು ಹತ್ತರಿಂದ ಭಾಗಿಸಿದರೆ ಚದರ ಮೀಟರಿನ ಕೆ.ಜಿ. ಸಿಗುತ್ತದೆ: ಸೊಪ್ಪು 2.5ರಿಂದ 3, ಬೆಂಡೆ 2. ಇವು ನುರಿತವರ ಕೈಯಲ್ಲಿ ಹೊಲದಲ್ಲಿ ಬರುವ ಇಳುವರಿ. ತಾರಸಿಗೆ ಸೊಪ್ಪು ಚದರ ಮೀಟರಿಗೆ 2 ಕೆ.ಜಿ., ವರ್ಷಕ್ಕೆ ಮೂರು ಬೆಳೆ, ಒಟ್ಟು 6 ಕೆ.ಜಿ. ಎಂದು ಹಿಡಿಯುವುದು ಸುರಕ್ಷಿತ.

ಹಾಗೆ ಹಿಡಿದರೆ ಜಾಗ ಎಷ್ಟು ಬೇಕು? ಮಾರ್ಗಸೂಚಿಯ 400 ಗ್ರಾಂನಲ್ಲಿ 100 ಗ್ರಾಂ ಸೊಪ್ಪು. ನಾಲ್ವರಿಗೆ ವರ್ಷಕ್ಕೆ 146 ಕೆ.ಜಿ. ಅದಕ್ಕೆ 24 ಚದರ ಮೀಟರ್, ಅಂದರೆ 260 ಚದರ ಅಡಿ ಬೆಳೆಯುವ ಜಾಗ ಸಾಕು. ಉಳಿದ 438 ಕೆ.ಜಿ. ಕಾಯಿಪಲ್ಲೆಗೆ ಬೆಂಡೆಯ ಲೆಕ್ಕವನ್ನೇ, ವರ್ಷಕ್ಕೆ ಎರಡು ಬೆಳೆ, ಚದರ ಮೀಟರಿಗೆ 4 ಕೆ.ಜಿ. ಎಂದು ಉದಾರವಾಗಿ ಹಿಡಿದರೂ 110 ಚದರ ಮೀಟರ್ ಬೇಕು. 30×40 ಅಡಿಯ ಇಡೀ ನಿವೇಶನದ ಅಳತೆ 111 ಚದರ ಮೀಟರ್. ಓಡಾಡಲು, ಬಟ್ಟೆ ಒಣಗಿಸಲು, ನೀರಿನ ಟ್ಯಾಂಕಿಗೆ, ಸೋಲಾರಿಗೆ ಜಾಗವೇ ಉಳಿಯದು. ಮನೆಗೆ ಬೇಕಾದ ತರಕಾರಿಯನ್ನೆಲ್ಲ ತಾರಸಿಯಲ್ಲೇ ಬೆಳೆಯುತ್ತೇವೆ ಎಂಬ ಆಸೆ ಇಲ್ಲಿಗೆ ಮುಗಿಯುತ್ತದೆ.

ಕಾಯಿಪಲ್ಲೆ ಏಕೆ ಕಷ್ಟ ಎಂಬುದಕ್ಕೆ ಒಂದು ಗಿಡದ ಲೆಕ್ಕ ಸಾಕು. ಬೆಂಡೆಯ ಸಾಲುಗಳ ನಡುವೆ 60 ಸೆಂ.ಮೀ., ಗಿಡಗಳ ನಡುವೆ 30 ಸೆಂ.ಮೀ. ಅಂತರ ಬೇಕು. ಒಂದು ಗಿಡಕ್ಕೆ 0.18 ಚದರ ಮೀಟರ್ ಜಾಗ, ನಾಲ್ಕು ತಿಂಗಳಿಗೆ 360 ಗ್ರಾಂ ಕಾಯಿ. ನಾಲ್ವರ ಒಂದು ಹೊತ್ತಿನ ಪಲ್ಯಕ್ಕೆ ಒಂದು ಗಿಡದ ಇಡೀ ಆಯುಷ್ಯ.

ಬೆಲೆ ಏರಿದಾಗ ಮನೆತೋಟ ಕಾಯುತ್ತದೆ ಎಂಬ ನಂಬಿಕೆಯೂ ಇದೆ. ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ತರಕಾರಿಯ ಹಣದುಬ್ಬರ 2023ರ ಜುಲೈನಲ್ಲಿ ಶೇ 37.34, 2024ರ ಅಕ್ಟೋಬರ್‌ನಲ್ಲಿ ಶೇ 42.18, 2025ರ ಅಕ್ಟೋಬರ್‌ನಲ್ಲಿ ಮೈನಸ್ ಶೇ 27.57. ಈ ಏರಿಳಿತಕ್ಕೆ ಗಿಡ ಸ್ಪಂದಿಸಲಾರದು. ಟೊಮೆಟೊ ಬೀಜ ಬಿತ್ತಿ, ನಾಟಿ ಮಾಡಿ, ಮೊದಲ ಹಣ್ಣು ಕೀಳಲು ಮೂರು ತಿಂಗಳು ಬೇಕು. 2023ರ ಜುಲೈ ದರ ನೋಡಿ ಬಿತ್ತಿದವರಿಗೆ ಹಣ್ಣು ಸಿಕ್ಕಿದ್ದು ಅಕ್ಟೋಬರ್‌ನಲ್ಲಿ. ಕೋಲಾರದ ಮಾರುಕಟ್ಟೆಯಲ್ಲಿ ಸೆಪ್ಟೆಂಬರ್‌ನಲ್ಲೇ ದರ ಕುಸಿದಿತ್ತು.

ಸೊಪ್ಪಿನ ಸ್ಥಿತಿ ಬೇರೆ. ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲದ ಒಂದು ಬೆಡ್ ತೆಗೆದುಕೊಳ್ಳಿ. ನರ್ಸರಿಗಳಲ್ಲಿ ಹಸಿರು ಬಣ್ಣದ ಎಚ್‌ಡಿಪಿಇ ಚೀಲವಾಗಿ ಮಾರುವ ಇದಕ್ಕೆ 15 ಸೆಂ.ಮೀ. ಆಳದ ಮಿಶ್ರಣ ಸಾಕು: ಕೆಂಪು ಮಣ್ಣು, ತೆಂಗಿನ ನಾರಿನ ಪುಡಿ ಅಂದರೆ ಕೋಕೋಪೀಟ್, ಕಾಂಪೋಸ್ಟ್ ಮೂರೂ ಸಮಪಾಲು. ದಂಟಿನ ಬೀಜವನ್ನು ಒಣ ಮರಳಿನ ಜತೆ ಬೆರೆಸಿ ಚೆಲ್ಲಿದರೆ ಒಂದೆಡೆ ಗುಂಪಾಗದೆ ಹುಟ್ಟುತ್ತದೆ. ಅರ್ಕಾ ಸುಗುಣದ ಮೊದಲ ಕೊಯ್ಲು 25ನೇ ದಿನಕ್ಕೆ. ಬುಡದಿಂದ ನಾಲ್ಕು ಬೆರಳು ಬಿಟ್ಟು ಕತ್ತರಿಸಿದರೆ ಗೆಣ್ಣಿನಿಂದ ಮತ್ತೆ ಚಿಗುರಿ, ಮೂರು ತಿಂಗಳಲ್ಲಿ ಐದಾರು ಕೊಯ್ಲು ಸಿಗುತ್ತದೆ. ಬೆಡ್ಡಿನ ವಿಸ್ತೀರ್ಣ 0.74 ಚದರ ಮೀಟರ್, ವರ್ಷದ ಸೊಪ್ಪು ಸುಮಾರು 4.5 ಕೆ.ಜಿ. ಅಂಗಡಿಯ ಕಟ್ಟಿನಲ್ಲಿ ಬೇರು, ಮಣ್ಣು, ಬಲಿತ ದಂಟನ್ನೂ ತೂಗಿಕೊಂಡಿರುತ್ತೇವೆ. ಇದು ನೇರ ಬಾಣಲೆಗೆ ಹೋಗುವ ತೂಕ.

ಇಂಥ ಎಂಟು ಬೆಡ್ ಹಾಕಿದರೆ ಬೆಳೆಯುವ ಜಾಗ 6 ಚದರ ಮೀಟರ್, ವರ್ಷಕ್ಕೆ 36 ಕೆ.ಜಿ. ಸೊಪ್ಪು. ಮನೆಗೆ ಬೇಕಾದ ಸೊಪ್ಪಿನ ಕಾಲು ಭಾಗ. ಮುಂದಿನ ಲೆಕ್ಕಕ್ಕೆ ಹಿಡಿದಿರುವ ದರಗಳು ಅಂದಾಜಿನವು. ಓದುಗರು ತಮ್ಮೂರಿನ ದರ ಹಾಕಿಕೊಳ್ಳಬಹುದು. ಬೆಡ್‌ಗೆ 250 ರೂ.ನಂತೆ 2,000. ಒಟ್ಟು ಮಿಶ್ರಣ 900 ಲೀಟರ್. ಅದರಲ್ಲಿ 300 ಲೀಟರ್ ಕೋಕೋಪೀಟ್‌ಗೆ 5 ಕೆ.ಜಿ.ಯ ನಾಲ್ಕು ಇಟ್ಟಿಗೆ, 800 ರೂ. ಮಣ್ಣು 600 ರೂ. ಕಾಂಪೋಸ್ಟ್ 180 ಕೆ.ಜಿ., ಕೆ.ಜಿ.ಗೆ 12 ರೂ.ನಂತೆ 2,160. ಬೀಜ, ಬೇವಿನ ಎಣ್ಣೆಗೆ 500. ಮೊದಲ ವರ್ಷದ ಖರ್ಚು 6,060 ರೂ. ನಂತರದ ವರ್ಷಗಳಲ್ಲಿ 60 ಕೆ.ಜಿ. ಕಾಂಪೋಸ್ಟ್ (720), ಬೇವಿನ ಹಿಂಡಿ (280), ಬೀಜ ಮತ್ತು ಎಣ್ಣೆ (500) ಸೇರಿ 1,500. ಮೂರು ವರ್ಷದ ಮೊತ್ತ 9,060 ರೂ. ಸರಾಸರಿ ವರ್ಷಕ್ಕೆ 3,020. ನೀರಿನ ಖರ್ಚು ಸೇರುವ ಮೊದಲೇ ಕೆ.ಜಿ. ಸೊಪ್ಪಿಗೆ 84 ರೂ. ಬಿತ್ತು. ಮಾರುಕಟ್ಟೆಯಲ್ಲಿ 60 ರೂ. ಎಂದು ಹಿಡಿದರೆ ಇದು ಶೇ 40ರಷ್ಟು ದುಬಾರಿ.

ನೀರಿನ ಲೆಕ್ಕ ಸರಳ. ಬಿಸಿಲಿಗೆ ದಿನಕ್ಕೆ 5 ಮಿ.ಮೀ. ಆವಿಯಾದರೆ ಚದರ ಮೀಟರಿಗೆ 5 ಲೀಟರ್, ಎಂಟು ಬೆಡ್ಡಿಗೆ 30 ಲೀಟರ್. ಮಳೆ ದಿನ ಬಿಟ್ಟು 300 ದಿನಕ್ಕೆ 9,000 ಲೀಟರ್. ಬೆಂಗಳೂರು ಜಲಮಂಡಳಿ 2014ರಿಂದ 2025ರವರೆಗೆ 8,001–25,000 ಲೀಟರ್ ಹಂತಕ್ಕೆ ವಿಧಿಸುತ್ತಿದ್ದ ಸಾವಿರ ಲೀಟರಿಗೆ 11 ರೂ. ದರದಲ್ಲಿ ಇದು 99 ರೂ. 2025ರ ಏಪ್ರಿಲ್‌ನ ಏರಿಕೆಯ ನಂತರವೂ ದೊಡ್ಡ ಮೊತ್ತವಲ್ಲ. ಕಾವೇರಿ ನೀರಿಲ್ಲದ ಬಡಾವಣೆಗಳಲ್ಲಿ ಮಾತ್ರ ಲೆಕ್ಕ ಬೇರೆಯೇ. 2024ರ ಮಾರ್ಚ್‌ನಲ್ಲಿ ಜಿಲ್ಲಾಡಳಿತ ನಿಗದಿ ಮಾಡಿದ ದರದಂತೆ 5 ಕಿ.ಮೀ. ಒಳಗೆ 12,000 ಲೀಟರಿನ ಟ್ಯಾಂಕರ್‌ಗೆ 1,000 ರೂ. ಅಂದರೆ 9,000 ಲೀಟರಿಗೆ 750 ರೂ., ನಲ್ಲಿ ನೀರಿನ ಏಳೂವರೆ ಪಟ್ಟು. ಅದೇ ತಿಂಗಳು ಜಲಮಂಡಳಿ ಕೈತೋಟಕ್ಕೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ 5,000 ರೂ. ದಂಡ ಗೊತ್ತುಮಾಡಿತು. ಒಮ್ಮೆ ದಂಡ ಬಿದ್ದರೆ ಎರಡು ವರ್ಷದ ಸೊಪ್ಪಿನ ಬೆಲೆ ಹೋಯಿತು.

ಮಳೆ ನೀರು ಇದಕ್ಕೆ ಉತ್ತರವಾಗಬಲ್ಲದು. ಬೆಂಗಳೂರಿನ ವಾರ್ಷಿಕ ಮಳೆ ಸುಮಾರು 970 ಮಿ.ಮೀ. ಸಾವಿರ ಚದರ ಅಡಿ ತಾರಸಿಯಲ್ಲಿ ಬಿದ್ದದ್ದರಲ್ಲಿ ಶೇ 80 ಹಿಡಿದರೆ 72,000 ಲೀಟರ್. ತೋಟಕ್ಕೆ ಬೇಕಾದದ್ದು ಅದರಲ್ಲಿ ಎಂಟನೇ ಒಂದು ಪಾಲು. ತೊಡಕಿರುವುದು ಸಂಗ್ರಹದಲ್ಲಿ. ಸಾವಿರ ಲೀಟರಿನ ಟ್ಯಾಂಕು ತುಂಬಿಟ್ಟರೆ ಬರುವುದು 33 ದಿನ. ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಒಣ ದಿನಗಳಿಗೆ ಅಂಥ ನಾಲ್ಕು ಬೇಕು, ಅದರ ಖರ್ಚು ಇಡೀ ತೋಟದ ಖರ್ಚನ್ನು ಮೀರುತ್ತದೆ.

ಲೆಕ್ಕವನ್ನು ಬದಲಿಸುವುದು ಅಡುಗೆಮನೆಯ ಕಸ. ಮೇಲಿನ 9,060 ರೂ.ನಲ್ಲಿ ಕಾಂಪೋಸ್ಟಿನ ಪಾಲು 3,600, ಅಂದರೆ ಶೇ 40. ದಿನಕ್ಕೆ ಒಂದು ಕೆ.ಜಿ. ಹಸಿ ಕಸ, ಅದರ ಕಾಲು ಭಾಗ ಗೊಬ್ಬರ ಎಂದು ಹಿಡಿದರೆ ವರ್ಷಕ್ಕೆ 90 ಕೆ.ಜಿ. ಮನೆಯಲ್ಲೇ ಆಗುತ್ತದೆ. ಮೊದಲ ವರ್ಷ ಕೊಳ್ಳಬೇಕಾದದ್ದು ಇನ್ನರ್ಧ 90 ಕೆ.ಜಿ. ಮಾತ್ರ, ಆಮೇಲೆ ಮನೆಯದೇ ಮಿಗುತ್ತದೆ. ಆಗ ಮೂರು ವರ್ಷದ ಖರ್ಚು 6,540 ರೂ.ಗೆ ಇಳಿದು, ನಲ್ಲಿ ನೀರು ಸೇರಿ ಕೆ.ಜಿ.ಗೆ 63 ರೂ. ಆಗುತ್ತದೆ. ಟ್ಯಾಂಕರ್ ನೀರಾದರೆ 81. ಬೆಡ್ಡುಗಳು ಮೂರರ ಬದಲು ಐದು ವರ್ಷ ಬಾಳಿದರೆ ನಲ್ಲಿ ನೀರಿನಲ್ಲಿ 48, ಟ್ಯಾಂಕರಿನಲ್ಲಿ 66. ನಾಲ್ಕು ಸಂಖ್ಯೆಗಳಲ್ಲಿ ಒಂದು ಮಾತ್ರ ಅಂಗಡಿಯ 60 ರೂ.ಗಿಂತ ಕಡಿಮೆ.

ದುಡಿಮೆಯನ್ನು ಇದಕ್ಕೆ ಸೇರಿಸಿಲ್ಲ. ದಿನಕ್ಕೆ 20 ನಿಮಿಷದಂತೆ ವರ್ಷಕ್ಕೆ 122 ಗಂಟೆ, ಎಂಟು ಗಂಟೆಯ 15 ದಿನದ ಕೆಲಸ. ಉದ್ಯೋಗ ಖಾತ್ರಿಯಲ್ಲಿ ಕರ್ನಾಟಕಕ್ಕೆ 2025–26ರಲ್ಲಿ ನಿಗದಿಯಾದ ದಿನಗೂಲಿ 370 ರೂ. ಅದರಂತೆ 5,550 ರೂ.; ಕೆ.ಜಿ. ಸೊಪ್ಪಿಗೆ ಇನ್ನೂ 154 ರೂ. ಹಣ ಉಳಿತಾಯದ ವಾದ ನಿಲ್ಲುವುದು ಈ ಗಂಟೆಗಳನ್ನು ಹವ್ಯಾಸದ ಖಾತೆಗೆ ಬರೆದುಕೊಳ್ಳುವವರಿಗೆ ಮಾತ್ರ. ನಿವೃತ್ತರು ಹಾಗೆ ಬರೆದುಕೊಂಡರೆ ಯಾರೂ ಆಕ್ಷೇಪಿಸಲಾರರು.

ಕಟ್ಟಡಕ್ಕೂ ಒಂದು ಮಿತಿ ಇದೆ. ಭಾರತೀಯ ಮಾನಕ 875, ಜನ ಓಡಾಡುವ ತಾರಸಿಯ ಮೇಲೆ ಚದರ ಮೀಟರಿಗೆ 1.5 ಕಿಲೋನ್ಯೂಟನ್, ಅಂದರೆ ಸುಮಾರು 150 ಕೆ.ಜಿ. ಭಾರವನ್ನು ಲೆಕ್ಕಕ್ಕೆ ಹಿಡಿಯುತ್ತದೆ. ನೆನೆದ ಮಿಶ್ರಣ ಲೀಟರಿಗೆ ಸುಮಾರು ಒಂದು ಕೆ.ಜಿ.; 15 ಸೆಂ.ಮೀ. ಆಳಕ್ಕೆ ಸರಿಯಾಗಿ 150. ಬರಿ ಕೆಂಪು ಮಣ್ಣು ತುಂಬಿದರೆ ನೆನೆದಾಗ ಲೀಟರಿಗೆ 1.8 ಕೆ.ಜಿ., ಚದರ ಮೀಟರಿಗೆ 270. ಬೆಡ್ಡುಗಳನ್ನು ಒಂದಕ್ಕೊಂದು ಅಂಟಿಸದೆ, ನಡುವೆ ದಾರಿ ಬಿಟ್ಟು, ತೊಲೆ ಮತ್ತು ಗೋಡೆ ಇರುವ ಸಾಲಿನ ಮೇಲೆ ಇಡಬೇಕು. ಹಳೆಯ ಮನೆಯಾದರೆ ಎಂಜಿನಿಯರ್‌ಗೆ ಕೊಡುವ ಶುಲ್ಕವೂ ತೋಟದ ಖರ್ಚೇ.

ಮನೆಯಲ್ಲಿ ಬೆಳೆದದ್ದೆಲ್ಲ ತಾನಾಗಿಯೇ ಸುರಕ್ಷಿತ ಎನ್ನುವಂತಿಲ್ಲ. ಹೇನಿಗೆ ತಂಬಾಕಿನ ಕಷಾಯ ಹೊಡೆಯುವ ಸಲಹೆ ಈಗಲೂ ಕೈಯಿಂದ ಕೈಗೆ ಬರುತ್ತದೆ. ಅದರಲ್ಲಿ ಕೆಲಸ ಮಾಡುವುದು ನಿಕೋಟಿನ್. ನಿಕೋಟಿನ್ ಸಲ್ಫೇಟ್ ಕೀಟನಾಶಕದ ಬಳಕೆಯನ್ನು ಭಾರತ 1992ರಲ್ಲೇ ನಿಷೇಧಿಸಿದೆ. ಎಲೆ ತಿನ್ನುವ ಬೆಳೆಗೆ ಅದನ್ನು ಹೊಡೆದು ‘ವಿಷಮುಕ್ತ’ ಎನ್ನುವುದು ಸರಿಯಲ್ಲ. ಜೀವಾಮೃತದ ವಿಷಯದಲ್ಲೂ ಎಚ್ಚರ ಬೇಕು: 200 ಲೀಟರ್ ನೀರಿಗೆ 10 ಕೆ.ಜಿ. ಹಸಿ ಸಗಣಿ ಸೇರುವ ಈ ದ್ರವವನ್ನು ವಾರದಲ್ಲಿ ಕೊಯ್ಯುವ ಸೊಪ್ಪಿನ ಮೇಲೆ ಎರಚುವವರಿದ್ದಾರೆ. ಅಮೆರಿಕದ ಸಾವಯವ ನಿಯಮದಂತೆ, ಮಣ್ಣಿಗೆ ತಾಗುವ ಬೆಳೆಯಾದರೆ ಹಸಿ ಗೊಬ್ಬರ ಹಾಕಿದ ಮೇಲೆ ಕೊಯ್ಲಿಗೆ 120 ದಿನ ಕಾಯಬೇಕು. 25 ದಿನದ ಬೆಳೆಗೆ ಅದು ಸಾಧ್ಯವೇ ಇಲ್ಲ.

ಮಣ್ಣು ಎಲ್ಲಿಂದ ಬಂತು ಎಂಬುದೂ ಮುಖ್ಯ. ಮಾರಾಟದ ನಗರ ಕಾಂಪೋಸ್ಟಿಗೆ ರಸಗೊಬ್ಬರ ನಿಯಂತ್ರಣ ಆದೇಶ ಕೆ.ಜಿ.ಗೆ ಸೀಸ 100 ಮಿ.ಗ್ರಾಂ., ಕ್ಯಾಡ್ಮಿಯಂ 5 ಮಿ.ಗ್ರಾಂ. ಮಿತಿ ಹಾಕಿದೆ. ಲಾರಿಯಲ್ಲಿ ತರಿಸುವ ಕೆಂಪು ಮಣ್ಣಿಗೆ, ರಸ್ತೆ ಬದಿಯ ಖಾಲಿ ಸೈಟಿನಿಂದ ತುಂಬಿಸಿಕೊಂಡ ಮಣ್ಣಿಗೆ ಅಂಥ ಯಾವ ತಪಾಸಣೆಯೂ ಇಲ್ಲ. ಸೀಸದ ಪೆಟ್ರೋಲ್ ದೇಶದಲ್ಲಿ 2000ದಲ್ಲಿ ನಿಂತಿತು. ಅದುವರೆಗೆ ರಸ್ತೆ ಬದಿಯ ಮಣ್ಣಿಗೆ ಸೇರಿದ ಸೀಸ ಕೊಳೆತು ಕರಗುವ ವಸ್ತುವಲ್ಲ.

ಕೊನೆಗೆ ಉಳಿಯುವ ಪ್ರಮಾಣ ಇದು: 584 ಕೆ.ಜಿ. ತರಕಾರಿಯಲ್ಲಿ 36 ಕೆ.ಜಿ. ತಾರಸಿಯದು, ಶೇ 6. ಶೇ 94 ಅಂಗಡಿಯಿಂದಲೇ ಬರುತ್ತದೆ. ಆದ್ದರಿಂದ ಕುಟುಂಬದ ಸುರಕ್ಷತೆಯ ಹೆಚ್ಚಿನ ಪಾಲು ಅಡುಗೆಮನೆಯ ನಲ್ಲಿಯ ಕೆಳಗೆ ನಿರ್ಧಾರವಾಗುತ್ತದೆ. ಲೀಟರಿಗೆ 20 ಗ್ರಾಂ ಉಪ್ಪು ಹಾಕಿದ ಶೇ 2ರ ನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಹರಿಯುವ ನೀರಿನಲ್ಲಿ ತೊಳೆದರೆ ಮೇಲ್ಮೈಯ ಶೇಷದಲ್ಲಿ ಒಂದಷ್ಟು ಹೋಗುತ್ತದೆ. ಇಮಿಡಾಕ್ಲೋಪ್ರಿಡ್‌ನಂಥ, ಗಿಡದ ರಸದೊಳಗೆ ಸೇರುವ ಅಂತರ್ವ್ಯಾಪಿ ಕೀಟನಾಶಕಗಳು ತೊಳೆದರೆ ಹೋಗುವುದಿಲ್ಲ.

ಹಾಗಾಗಿ ಶೇ 6ರ ಜಾಗಕ್ಕೆ ಬೆಳೆ ಆಯ್ಕೆ ಮಾಡುವಾಗ ತೊಳೆಯಲು ಕಷ್ಟವಾದದ್ದು, ಹಸಿಯಾಗಿ ತಿನ್ನುವುದು, ಸಿಪ್ಪೆ ತೆಗೆಯಲಾಗದ್ದು ಮೊದಲು ಬರಬೇಕು: ದಂಟು, ಪಾಲಕ್, ಮೆಂತ್ಯ, ಕೊತ್ತಂಬರಿ, ಪುದೀನ, ಹಸಿಮೆಣಸು. ಕರಿಬೇವು ಎಲ್ಲಕ್ಕಿಂತ ಮೊದಲು. ಕೇರಳದ ತಪಾಸಣೆಗಳಲ್ಲಿ ಮಿತಿ ಮೀರಿದ ಮಾದರಿಗಳ ಪೈಕಿ ಅದರ ಹೆಸರು ಮತ್ತೆ ಮತ್ತೆ ಬಂದಿದೆ. ದಿನಕ್ಕೆ 10 ಗ್ರಾಂ ಬಳಸುವ ಮನೆಗೆ ವರ್ಷಕ್ಕೆ ಬೇಕಾದದ್ದು 3.65 ಕೆ.ಜಿ.; ನೆಲದಲ್ಲಿ ನೆಟ್ಟ ಎರಡು ಗಿಡ ಚೆನ್ನಾಗಿ ಬೆಳೆದರೆ ಅಷ್ಟನ್ನು ಹತ್ತಾರು ವರ್ಷ ಕೊಡುತ್ತವೆ. ಆಲೂಗಡ್ಡೆ, ಈರುಳ್ಳಿ, ಎಲೆಕೋಸಿಗೆ ತಾರಸಿಯ ಜಾಗ ಕೊಡುವುದು ಈ ಲೆಕ್ಕದಲ್ಲಿ ನಷ್ಟ.

ಹೊಸದಾಗಿ ಶುರು ಮಾಡುವವರು ಎಂಟು ಬೆಡ್ ಕೊಳ್ಳಬೇಕಿಲ್ಲ. ಒಂದು ಬೆಡ್ಡಿಗೆ ಆಗುವ ಖರ್ಚು ಸುಮಾರು 760 ರೂ. ಜೂನ್ ಮೊದಲ ಮಳೆಗೆ ಬಿತ್ತಿದರೆ ಅಕ್ಟೋಬರ್‌ವರೆಗೆ ನೀರಿನ ಖರ್ಚು ಹೆಚ್ಚೇನೂ ಬರದು. ಟ್ಯಾಂಕರ್ ನೀರು ಕೊಳ್ಳುವ ಮನೆಯವರು ಮಾರ್ಚ್‌ನಿಂದ ಮೇವರೆಗೆ ಬೆಡ್ ಖಾಲಿ ಬಿಟ್ಟು, ಆ ಮೂರು ತಿಂಗಳ ಕಸವನ್ನು ಅದರಲ್ಲೇ ಗೊಬ್ಬರವಾಗಲು ಬಿಡುವುದು ಲಾಭ.